ಬಾಣಬಿರುಸು: ಕಾಗದದ ಕೊಳವೆಯಿಂದ ಕಬ್ಬಿಣದ ಕೊಳವೆಗೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಫೋನು ಮಾಡಿದಾಗ, ನಾನು ಕಂಪ್ಯೂಟರಿನ ಬಗ್ಗೆ ಬರೆಯಬಹುದೆಂದು ಅವರು ಅಂದುಕೊಂಡಿದ್ದರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಂದ ಅದನ್ನು ನಿರೀಕ್ಷಿಸುವುದು ಸಹಜವೇ. ಆದರೆ ಈ ಶಾಲೆ ಎಂದಾಕ್ಷಣ ನನಗೆ ನೆನಪಾಗುವುದು ಕಂಪ್ಯೂಟರಲ್ಲ, ಒಂದು ಪಟಾಕಿ. ಆದ್ದರಿಂದ ಪಟಾಕಿಯ ಇತಿಹಾಸವನ್ನೇ ಬರೆಯುತ್ತೇನೆಂದು ಒಪ್ಪಿಕೊಂಡೆ.

ನಮ್ಮೂರು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನದು. ಕಾಡಂಚಿನ ಊರು. ರಾಗಿ, ಜೋಳ ತೆನೆಗಟ್ಟುವ ಹೊತ್ತಿಗೆ ಆನೆಗಳು ಬರುತ್ತವೆ. ಗುಂಡ್ಲುಪೇಟೆ, ಚಾಮರಾಜನಗರದ ಕಾಡಂಚಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿನ ಗಂಡಸರು ಅಟ್ಟಣೆಯ ಮೇಲೆ ರಾತ್ರಿ ಕಾವಲು ಮಲಗುತ್ತಾರೆ. ತಮಟೆ, ಟಾರ್ಚು, ಜೊತೆಗೆ ಪಟಾಕಿ. ಬೇರೆ ಊರುಗಳಲ್ಲಿ ಪಟಾಕಿ ದೀಪಾವಳಿಯ ವಸ್ತುವಾದರೆ, ನಮಗೆ ಅದು ಗೊಬ್ಬರ, ಬಿತ್ತನೆ ಬೀಜದ ಹಾಗೆ ಬೇಸಾಯದ ಖರ್ಚಿನ ಬಾಬತ್ತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ರಾತ್ರಿ ನಮ್ಮಪ್ಪ ಬೀಡಿಯ ಕೆಂಡದಿಂದ ಆಟಂಬಾಂಬಿನ ಬತ್ತಿ ಹೊತ್ತಿಸಿದರು. ಎಸೆಯುವುದಕ್ಕೆ ಮೊದಲೇ ಅದು ಕೈಯಲ್ಲೇ ಸಿಡಿಯಿತು. ಎಡಗೈಯ ಎರಡು ಬೆರಳುಗಳ ತುದಿ ಹೋಯಿತು. ವಾರದ ಮೇಲೆ ನಾನು ಶಾಲೆಗೆ ಬಂದಾಗ ವಿಜ್ಞಾನದ ಮೇಷ್ಟ್ರು ರಜೆಯ ಕಾರಣ ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸಂಜೆ ಸ್ಟಾಫ್ ರೂಮಿಗೆ ಬಾ ಎಂದರು. ಸಂಜೆ ಹೋದಾಗ ಅಪ್ಪನ ಯೋಗಕ್ಷೇಮವನ್ನೆಲ್ಲ ವಿಚಾರಿಸಿದ ಮೇಲೆ ಒಂದು ಪ್ರಶ್ನೆ ಕೇಳಿದರು: "ಆಟಂಬಾಂಬಿನೊಳಗೂ ಮದ್ದೇ ಇರೋದು, ರಾಕೆಟ್ಟಿನೊಳಗೂ ಮದ್ದೇ ಇರೋದು. ಒಂದು ಇದ್ದಲ್ಲೇ ಸಿಡಿಯುತ್ತೆ, ಇನ್ನೊಂದು ಮೇಲಕ್ಕೆ ಹಾರುತ್ತೆ. ಯಾಕೆ?"

ನನಗೆ ಗೊತ್ತಿರಲಿಲ್ಲ. "ಒಂದಕ್ಕೆ ಬಾಯಿ ಇದೆ, ಇನ್ನೊಂದಕ್ಕೆ ಇಲ್ಲ. ಅಷ್ಟೇ" ಎಂದರು ಅವರು. ಮರುದಿನ ತರಗತಿಯಲ್ಲಿ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ದಾರ ಕಟ್ಟಿ, ದಾರಕ್ಕೆ ಎಳನೀರಿನ ಸ್ಟ್ರಾ ಪೋಣಿಸಿ, ಸ್ಟ್ರಾಗೆ ಊದಿದ ಬಲೂನು ಅಂಟಿಸಿ, ಬಲೂನಿನ ಬಾಯಿ ಬಿಟ್ಟರು. ಅದು ಸುಯ್ಯೆಂದು ಆ ತುದಿಗೆ ಓಡಿತು. ನ್ಯೂಟನ್ನನ ಮೂರನೇ ನಿಯಮವನ್ನು ನಾನು ಕಲಿತದ್ದು ಹೀಗೆ. ಪಾಠ ಮುಗಿಸುವಾಗ ಅವರು, ಈ ಬಲೂನಿನ ವಿದ್ಯೆಯಲ್ಲಿ ಒಂದು ಕಾಲಕ್ಕೆ ಇಡೀ ಜಗತ್ತಿಗೆ ಮುಂದಿದ್ದದ್ದು ನಮ್ಮ ಮೈಸೂರು ಸೀಮೆ ಎಂದರು. ಆ ಮಾತಿನ ಹಿಂದೆ ಹೋದವನು ಇಂದಿಗೂ ಓದುತ್ತಲೇ ಇದ್ದೇನೆ.

ಮದ್ದು ಹುಟ್ಟಿದ ಬಗೆ

ಕಪ್ಪು ಸಿಡಿಮದ್ದಿನಲ್ಲಿ ಮೂರೇ ವಸ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ಈಗ ಬಳಕೆಯಲ್ಲಿರುವ ಪ್ರಮಾಣ ಸುಮಾರಾಗಿ ನೂರಕ್ಕೆ 75, 15, 10. ಇದ್ದಿಲು ಉರಿಯುವ ವಸ್ತು. ಗಂಧಕ ಬೇಗ ಹೊತ್ತಿಕೊಳ್ಳಲು ಸಹಾಯ ಮಾಡುತ್ತದೆ. ಪೆಟ್ಲುಪ್ಪಿನ ಕೆಲಸ ಆಮ್ಲಜನಕ ಒದಗಿಸುವುದು. ಆದ್ದರಿಂದಲೇ ಈ ಮದ್ದಿಗೆ ಹೊರಗಿನ ಗಾಳಿ ಬೇಕಿಲ್ಲ, ಮುಚ್ಚಿದ ಕೊಳವೆಯೊಳಗೂ ಉರಿಯುತ್ತದೆ. ಉರಿದಾಗ ಬಿಸಿ ಅನಿಲ ಒಮ್ಮೆಲೇ ಹೊರಬರುತ್ತದೆ. ದಾರಿ ಇಲ್ಲದಿದ್ದರೆ ಕೊಳವೆ ಒಡೆಯುತ್ತದೆ. ಒಂದು ಕಡೆ ದಾರಿ ಇದ್ದರೆ ಕೊಳವೆಯೇ ಎದುರು ದಿಕ್ಕಿಗೆ ಓಡುತ್ತದೆ.

ಈ ಮದ್ದನ್ನು ಕಂಡುಹಿಡಿದವರು ಚೀನೀಯರು. ಸುಮಾರು ಒಂಬತ್ತನೇ ಶತಮಾನದ ಮಾತು. 1044ರ ಒಂದು ಚೀನೀ ಯುದ್ಧ ಗ್ರಂಥದಲ್ಲಿ ಮದ್ದು ತಯಾರಿಸುವ ಕ್ರಮ ಬರೆದಿಟ್ಟಿದ್ದಾರೆ. ಹದಿಮೂರನೇ ಶತಮಾನದ ಹೊತ್ತಿಗೆ ಅಲ್ಲಿ ಹಾರುವ ಬಾಣಗಳೂ ಬಂದಿದ್ದವು. ಅಲ್ಲಿಂದ ಈ ವಿದ್ಯೆ ಅರಬರಿಗೆ, ಯೂರೋಪಿಗೆ, ನಮಗೆ ಹರಡಿತು.

ನಮ್ಮ ನಾಡಿನಲ್ಲಿ ಇದರ ಸೊಗಸಾದ ಸಾಕ್ಷಿ ಸಿಗುವುದು ವಿಜಯನಗರದಲ್ಲಿ. 1443ರಲ್ಲಿ ಅಲ್ಲಿಗೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಮಹಾನವಮಿ ಉತ್ಸವದಲ್ಲಿ ಕಂಡ ಬಾಣಬಿರುಸುಗಳ ಬಗೆಗಳನ್ನು ವರ್ಣಿಸಲು ಹೊರಟರೆ ಮುಗಿಯದು ಎಂಬರ್ಥದಲ್ಲಿ ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಕೂಡ ಮಹಾನವಮಿಯ ರಾತ್ರಿಗಳ ಬಾಣಬಿರುಸುಗಳನ್ನು ಹೇಳುತ್ತಾನೆ. ನಾನು ಎರಡೆರಡು ಸಲ ಓದಿದ್ದು ಇಟಲಿಯ ವರ್ತೆಮಾನ ಮಾತನ್ನು. ವಿಜಯನಗರದವರು ಬಾಣಬಿರುಸು ಮಾಡುವುದರಲ್ಲಿ ಗಟ್ಟಿಗರು, ಆನೆಗಳಿಗೆ ಬೆಂಕಿಯೆಂದರೆ ಬಹಳ ಭಯ, ಆದ್ದರಿಂದ ಯುದ್ಧದಲ್ಲಿ ಅವು ಕೆಲವೊಮ್ಮೆ ದಿಕ್ಕೆಟ್ಟು ಓಡುತ್ತವೆ ಎಂದು ಅವನು ಬರೆದಿದ್ದಾನೆ. ಅವನ ಪುಸ್ತಕ ಅಚ್ಚಾದದ್ದು 1510ರಲ್ಲಿ. ನಮ್ಮಪ್ಪ ಅಟ್ಟಣೆಯ ಮೇಲೆ ಮಾಡುತ್ತಿದ್ದುದಕ್ಕೆ ಐನೂರು ವರ್ಷದ ಹಿಂದಿನ ಉಲ್ಲೇಖ ಇದು!

ಈ ವಿಷಯದಲ್ಲಿ ಆಸಕ್ತಿ ಇರುವವರು ವಿದ್ವಾಂಸ ಪಿ.ಕೆ. ಗೋಡೆಯವರನ್ನು ಮರೆಯಬಾರದು. ಭಾರತದಲ್ಲಿ 1400ರಿಂದ 1900ರವರೆಗಿನ ಬಾಣಬಿರುಸುಗಳ ಇತಿಹಾಸವನ್ನು ಅವರು ಬರೆದರು. ಅದು 1953ರಲ್ಲಿ ಬೆಂಗಳೂರಿನಲ್ಲೇ ಪ್ರಕಟವಾಯಿತು. ಚೀನಾದಿಂದ ಬಂದ ವಿದ್ಯೆಯನ್ನು ನಮ್ಮವರು ಇಲ್ಲಿ ಸಿಗುವ ವಸ್ತುಗಳಿಗೆ ಹೇಗೆ ಒಗ್ಗಿಸಿಕೊಂಡರು ಎಂಬುದನ್ನು ಹಳೆಯ ಸಂಸ್ಕೃತ ಗ್ರಂಥಗಳಿಂದ ಅವರು ಎತ್ತಿ ತೋರಿಸಿದ್ದಾರೆ.

ಕಾಗದದ ಬದಲು ಕಬ್ಬಿಣ

ವಿಜಯನಗರದ ಬಿರುಸಿಗೂ ಮೈಸೂರಿನ ಬಿರುಸಿಗೂ ಇದ್ದ ದೊಡ್ಡ ವ್ಯತ್ಯಾಸವೆಂದರೆ ಕೊಳವೆ. ಹದಿನೆಂಟನೇ ಶತಮಾನದವರೆಗೆ ಪ್ರಪಂಚದ ಬಹುತೇಕ ಕಡೆ ಬಿರುಸಿನ ಕೊಳವೆ ಕಾಗದದ್ದು ಇಲ್ಲವೇ ಬಿದಿರಿನದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಮೈಸೂರಿನ ಕಮ್ಮಾರರು ಅದನ್ನು ಮೆದು ಕಬ್ಬಿಣದ ತಗಡಿನಿಂದ ಮಾಡಿದರು. ಉದ್ದ ಸುಮಾರು 20 ಸೆಂಟಿಮೀಟರು, ವ್ಯಾಸ 4ರಿಂದ 8 ಸೆಂಟಿಮೀಟರು. ಒಂದು ತುದಿ ಮುಚ್ಚಿದ್ದು, ಇನ್ನೊಂದು ತುದಿಯಲ್ಲಿ ಅನಿಲ ಹೊರಡಲು ಬಾಯಿ. ಈ ಕೊಳವೆಯನ್ನು ಮೀಟರಿಗೂ ಮಿಕ್ಕಿದ ಬಿದಿರು ಕೋಲಿಗೆ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಕೆಲವಕ್ಕೆ ಕೋಲಿನ ಬದಲು ಕತ್ತಿಯ ಅಲಗು ಕಟ್ಟುತ್ತಿದ್ದರು. ಹಾರುವಾಗ ತಲೆಕೆಳಗಾಗದಂತೆ ಬಾಲದ ಹಾಗೆ ಹಿಡಿದಿಡುವುದು ಕೋಲಿನ ಕೆಲಸ. ಇಂದಿನ ದೀಪಾವಳಿಯ ರಾಕೆಟ್ಟಿಗೂ ಕಡ್ಡಿ ಇರುವುದು ಇದೇ ಕಾರಣಕ್ಕೆ.

ಕಬ್ಬಿಣದಿಂದ ಆದ ಲಾಭವೇನು? ಮೇಷ್ಟ್ರು ಹೇಳಿದ ಬಾಯಿಯ ಮಾತನ್ನೇ ಸ್ವಲ್ಪ ಮುಂದುವರಿಸಿ. ಕೊಳವೆಯೊಳಗಿನ ಒತ್ತಡ ಹೆಚ್ಚಿದಷ್ಟೂ ಅನಿಲ ಬಾಯಿಯಿಂದ ಜೋರಾಗಿ ಚಿಮ್ಮುತ್ತದೆ. ಜೋರಾಗಿ ಚಿಮ್ಮಿದಷ್ಟೂ ಬಿರುಸು ದೂರ ಹೋಗುತ್ತದೆ. ಜೊತೆಗೆ ಕಪ್ಪು ಮದ್ದು ಒತ್ತಡ ಏರಿದಂತೆ ಇನ್ನೂ ವೇಗವಾಗಿ ಉರಿಯುತ್ತದೆ. ಕಾಗದದ ಕೊಳವೆ ಅಷ್ಟು ಒತ್ತಡ ತಡೆಯದೆ ಹರಿದುಹೋಗುತ್ತದೆ. ಕಬ್ಬಿಣ ತಡೆಯುತ್ತದೆ. ಮದ್ದನ್ನು ಒತ್ತಾಗಿ ಗಿಡಿಯುವುದಕ್ಕೂ ಆಗುತ್ತದೆ. ಇದರಿಂದಾಗಿ ಮೈಸೂರಿನ ಬಿರುಸು ಒಂದು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತಿತ್ತು. ಅದೇ ಕಾಲದ ಯೂರೋಪಿನ ಸೇನೆಗಳ ಕೈಯಲ್ಲಿ ಇಂಥದ್ದಿರಲಿಲ್ಲ.

ಈ ಲೆಕ್ಕ ತಿಳಿದ ಮೇಲೆ ಒಂದು ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ವಿವರಿಸಿದೆ. ಅವರು ತಮ್ಮ ಎಡಗೈ ನೋಡಿಕೊಂಡು, "ಕಾಗ್ದದ್ದಾಗಿದ್ದಕ್ಕ ಬೆರಳ್ಗೆ ಹೋಯ್ತು ಕಣಪ್ಪ. ಕಬ್ಬಣದ್ದಾಗಿದ್ರ ಕೈಯೇ ಇರ್ತಿರ್ನಿಲ್ಲ" ಎಂದರು. ಒತ್ತಡದ ಪಾಠ ಅವರಿಗೆ ನನಗಿಂತ ಮೊದಲೇ ಆಗಿತ್ತು.

ರಣರಂಗದಲ್ಲಿ

ಹೈದರಾಲಿಯ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಸೇನೆಯಲ್ಲಿ ಐವತ್ತು ಜನ ಬಿರುಸುಗಾರರ ತುಕಡಿಯ ಮುಖ್ಯಸ್ಥನಾಗಿದ್ದನೆಂದು ಹೇಳುತ್ತಾರೆ. ಮಗ ಅದನ್ನು ದೊಡ್ಡ ಪಡೆಯಾಗಿ ಬೆಳೆಸಿದ. ಮೊಮ್ಮಗ ಟಿಪ್ಪುವಿನ ಕಾಲದಲ್ಲಿ ಸಿದ್ಧವಾದ 'ಫತ್‌ಹುಲ್ ಮುಜಾಹಿದೀನ್' ಎಂಬ ಸೈನಿಕ ಕೈಪಿಡಿಯ ಪ್ರಕಾರ ಕುಶೂನ್ ಎಂಬ ಪ್ರತಿಯೊಂದು ಸೇನಾ ವಿಭಾಗಕ್ಕೂ 200 ಜನ ಬಿರುಸುಗಾರರು.

ಈ ಬಿರುಸುಗಳ ಹೆಸರು ದೂರದವರೆಗೂ ಕೇಳಿಸಿದ್ದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ. ಕರ್ನಲ್ ಬೇಲಿಯ ಇಂಗ್ಲಿಷ್ ಸೇನೆಯ ಮದ್ದಿನ ಬಂಡಿಗಳು ಯುದ್ಧದ ನಡುವೆ ಸಿಡಿದವು. ಅವಕ್ಕೆ ಬೆಂಕಿ ತಗುಲಿಸಿದ್ದು ಮೈಸೂರಿನ ಬಿರುಸುಗಳೆಂಬ ಮಾತು ಪ್ರಸಿದ್ಧವಾಗಿದೆ. ಇಡೀ ಪಡೆ ನಾಶವಾಗಿ, ಬೇಲಿ ಸೆರೆಸಿಕ್ಕಿ, ಶ್ರೀರಂಗಪಟ್ಟಣದಲ್ಲೇ 1782ರಲ್ಲಿ ತೀರಿಕೊಂಡ. ಈ ಯುದ್ಧದ ದೊಡ್ಡ ಚಿತ್ರ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲಿದೆ. ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಅದರ ಮುಂದೆ ಸಾಲಾಗಿ ಹಾದುಹೋದವರೇ. ಅದರಲ್ಲಿ ಸಿಡಿಯುತ್ತಿರುವ ಮದ್ದಿನ ಬಂಡಿಯೂ ಇದೆ. ಮುಂದಿನ ಸಲ ಹೋದವರು ಹುಡುಕಿ ನೋಡಿ.

ನಮ್ಮ ಜಿಲ್ಲೆಗೂ ಈ ಕಥೆಯಲ್ಲಿ ಪಾಲಿದೆ. ಆಗ ಚಾಮರಾಜನಗರಕ್ಕೆ ಈ ಹೆಸರಿರಲಿಲ್ಲ, ಅದು ಅರಿಕುಠಾರ. 1774ರಲ್ಲಿ ಚಾಮರಾಜ ಒಡೆಯರು ಅಲ್ಲಿ ಹುಟ್ಟಿದರು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ಹೆಸರನ್ನು ಊರಿಗಿಟ್ಟರು. ಮೈಸೂರು ಸೀಮೆಯಿಂದ ಕೊಯಮತ್ತೂರಿನ ಬಯಲಿಗೆ ಇಳಿಯುವ ಹಳೆಯ ಗಜ್ಜಲಹಟ್ಟಿ ಕಣಿವೆ ದಾರಿ ಇರುವುದು ನಮ್ಮ ದಕ್ಷಿಣಕ್ಕೆ, ತಲಮಲೆಯ ಬೆಟ್ಟಗಳ ಆಚೆ, ಮೋಯಾರ್ ಹೊಳೆಯ ಕಡೆಗೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ಸೇನೆ ಆ ಕಣಿವೆಯಲ್ಲಿ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯನ್ನು ಹಿಮ್ಮೆಟ್ಟಿಸಿತು. ಇಂದು ನಾವು ಆನೆ ಕಾರಿಡಾರ್ ಎಂದು ಕರೆಯುವ ಕಾಡಿನ ಭಾಗಗಳು ಅಂದು ಸೇನೆಗಳ ದಾರಿಗಳೂ ಆಗಿದ್ದವು.

ಕೊನೆಯ ಯುದ್ಧ 1799ರದು. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನ್‌ಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ಬಿರುಸು ಮತ್ತು ಗುಂಡುಗಳ ಹೊಡೆತಕ್ಕೆ ಸಿಕ್ಕಿ ಚದುರಿ ಹಿಂದೆ ಸರಿಯಿತು. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. ಮರುದಿನ ಅವನು ತೋಪನ್ನು ಗೆದ್ದುಕೊಂಡ. ಮೇ 2ರಂದು ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ಬಿರುಸುಗಳ ಉಗ್ರಾಣಕ್ಕೆ ತಗುಲಿ ಭಾರೀ ಸ್ಫೋಟವಾಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಾ ಸತ್ತ. ಕೋಟೆಯಲ್ಲಿ ಸಿಕ್ಕಿದ ಸಾಮಗ್ರಿಯಲ್ಲಿ 600 ಉಡಾವಣಾ ಸಾಧನಗಳು, ಬಳಕೆಗೆ ಸಿದ್ಧವಿದ್ದ 700 ಬಿರುಸುಗಳು, 9,000 ಖಾಲಿ ಕೊಳವೆಗಳು ಇದ್ದವೆಂದು ಲೆಕ್ಕ.

ಸಮುದ್ರದಾಚೆಗೆ

ಹೀಗೆ ಸಿಕ್ಕಿದ ಬಿರುಸುಗಳಲ್ಲಿ ಕೆಲವು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ಅಲ್ಲಿನ ಶಸ್ತ್ರಾಗಾರದಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಬಿರುಸುಗಳ ಮೇಲೆ ಪ್ರಯೋಗ ಶುರುಮಾಡಿದ. ಒಂದೇ ಗಾತ್ರದ ಕಬ್ಬಿಣದ ಕೊಳವೆ, ಒಂದೇ ಹದದ ಮದ್ದು, ಕಾರ್ಖಾನೆಯ ತಯಾರಿಕೆ. 1806ರಲ್ಲಿ ಫ್ರಾನ್ಸಿನ ಬುಲೋನ್ ಮೇಲೆ, 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ ಅವು ಬಿದ್ದವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿದ ಈ ಬಿರುಸುಗಳ ಬೆಳಕು ಆ ದೇಶದ ರಾಷ್ಟ್ರಗೀತೆಯಲ್ಲೇ ಸೇರಿಕೊಂಡಿದೆ. ಮೈಸೂರಿನ ಕಮ್ಮಾರನ ಕೆಲಸದ ಒಂದು ಎಳೆ ಅಮೆರಿಕದ ಮಕ್ಕಳು ಶಾಲೆಯಲ್ಲಿ ಹಾಡುವ ಹಾಡಿನವರೆಗೆ ಹೋಗಿದೆ.

ಹಾಗಾದರೆ ನಾವೇಕೆ ಹಿಂದೆ ಬಿದ್ದೆವು? ಬೆಂಗಳೂರಿನ ಬಾಹ್ಯಾಕಾಶ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೇ ಪರಿಶೀಲಿಸಿದರು. ನಮ್ಮಲ್ಲಿ ಕೈಗಾರಿಕೆಯ ಕುಶಲತೆ ಇತ್ತು, ಅದರ ಬೆನ್ನಿಗೆ ವಿಜ್ಞಾನ ಇರಲಿಲ್ಲ. ಬ್ರಿಟನ್ನಿನಲ್ಲಿ ನ್ಯೂಟನ್ನನ ನಿಯಮಗಳಿದ್ದವು. ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ 1742ರಲ್ಲೇ ಫಿರಂಗಿಯ ವಿಜ್ಞಾನದ ಪುಸ್ತಕ ಬರೆದಿದ್ದ. 1749ರಲ್ಲಿ ಲಂಡನ್ನಿನಲ್ಲಿ ರಾಜನ ಬಾಣಬಿರುಸಿನ ಉತ್ಸವ ನಡೆದಾಗ ಜನರೆಲ್ಲ ಬಣ್ಣ ನೋಡುತ್ತಿದ್ದರೆ, ಇವನು ಬಿರುಸುಗಳು ಎಷ್ಟು ಎತ್ತರ ಹೋಗುತ್ತವೆ ಎಂದು ಅಳೆದು ಬರೆದಿಟ್ಟ. ಅದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರಾಗಿ ಬಂದು 1751ರಲ್ಲಿ ತೀರಿಕೊಂಡದ್ದು ಕಡಲೂರಿನ ಬಳಿಯ ಕೋಟೆಯಲ್ಲಿ. ನಮ್ಮಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಬ್ಬ ಜಾಣ ಅದ್ಭುತವಾದ ಪ್ರೋಗ್ರಾಂ ಬರೆದಿರುತ್ತಾನೆ. ಹೇಗೆ ಬರೆದೆ, ಏಕೆ ಹಾಗೆ ಬರೆದೆ ಎಂದು ಎಲ್ಲೂ ಟಿಪ್ಪಣಿ ಇಟ್ಟಿರುವುದಿಲ್ಲ. ಅವನು ಕೆಲಸ ಬಿಟ್ಟ ಮರುದಿನ ಆ ಪ್ರೋಗ್ರಾಂ ಯಾರಿಗೂ ಅರ್ಥವಾಗದ ವಸ್ತುವಾಗುತ್ತದೆ. ಮೈಸೂರಿನ ಬಿರುಸಿಗೆ ಆದದ್ದೂ ಇದೇ. ಕಬ್ಬಿಣವನ್ನು ಎಷ್ಟು ತೆಳ್ಳಗೆ ಬಡಿಯಬೇಕು, ಬಾಯಿ ಎಷ್ಟು ಅಗಲ ಇರಬೇಕು, ಮದ್ದನ್ನು ಎಷ್ಟು ಗಿಡಿಯಬೇಕು ಎಂಬುದೆಲ್ಲ ಕಮ್ಮಾರರ ಕೈಯಲ್ಲಿತ್ತು, ಕಾಗದದ ಮೇಲೆ ಬರಲಿಲ್ಲ. ಅವರಲ್ಲಿ ಒಬ್ಬನ ಹೆಸರನ್ನೂ ನಾವು ಶಾಲೆಯಲ್ಲಿ ಓದಲಿಲ್ಲ.

ಬಾವಿಯೊಳಗಿನ ಸಾಕ್ಷಿ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಊರು. ಅಲ್ಲಿ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಏನೆಂದು ಗುರುತಾಗಲು ಹಲವು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿನ ಒಣ ಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಬಿರುಸುಗಳು ಹೊರಬಂದವು. ಬಾವಿಯ ಮಣ್ಣಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ. ಇನ್ನೂರು ವರ್ಷ ಮಣ್ಣಿನೊಳಗಿದ್ದರೂ ಕೊಳವೆಯ ಆಕಾರ ಉಳಿದಿತ್ತು. ಪುಸ್ತಕದಲ್ಲಿ ಬರೆಯದೇ ಬಿಟ್ಟದ್ದನ್ನು ಕಬ್ಬಿಣ ಕಾಪಾಡಿಕೊಂಡಿತ್ತು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇಂಥ ಬಿರುಸುಗಳನ್ನು ಇಟ್ಟಿದ್ದಾರೆ.

ಹತ್ತಿರದಲ್ಲೇ ನೋಡಬೇಕೆಂದರೆ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಶ್ರೀರಂಗಪಟ್ಟಣ ನಿಲ್ದಾಣದಲ್ಲಿ ಕಿಟಕಿಯಿಂದ ನೋಡಿ. ಟಿಪ್ಪು ಕಾಲದ ಇಟ್ಟಿಗೆಯ ಮದ್ದಿನ ಮನೆಯೊಂದು ಜೋಡಿ ಹಳಿಯ ಕಾಮಗಾರಿಗೆ ಅಡ್ಡವಾದಾಗ, 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಳಿಯ ತಾರಾಮಂಡಲ್ ಪೇಟೆಯ ಹೆಸರಿಗೂ ಈ ಬಿರುಸುಗಳಿಗೂ ಸಂಬಂಧವಿದೆ ಎಂದು ಇತಿಹಾಸಕಾರರು ಹೇಳುತ್ತಾರೆ. ಇಸ್ರೋ ಕೇಂದ್ರ ಕಚೇರಿ ಇರುವ ನಗರದಲ್ಲೇ ಇಂಥ ಹೆಸರಿನ ಬೀದಿ ಇದೆ.

ಇಂದಿನ ಮಾತು

ಪಟಾಕಿಯ ಇತಿಹಾಸದಲ್ಲಿ ಹೆಮ್ಮೆ ಎಷ್ಟಿದೆಯೋ ನೋವೂ ಅಷ್ಟಿದೆ. 1923ರಲ್ಲಿ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಬೆಂಕಿಪೊಟ್ಟಣದ ಕೆಲಸ ಕಲಿತು ಬಂದರು. ಅದರಿಂದಲೇ ಮುಂದೆ ಪಟಾಕಿ ಉದ್ಯಮ ಬೆಳೆದು ಮಳೆಯಿಲ್ಲದ ಸೀಮೆಗೆ ಅನ್ನ ಕೊಟ್ಟಿತು. ಅಲ್ಲಿನ ಸ್ಫೋಟಗಳ ಸುದ್ದಿಯನ್ನೂ ನಾವು ಮತ್ತೆ ಮತ್ತೆ ಓದುತ್ತೇವೆ. 2023ರ ಅಕ್ಟೋಬರ್ 7ರಂದು ನಮ್ಮದೇ ರಾಜ್ಯದ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹಲವರು ತಮಿಳುನಾಡಿನಿಂದ ನಾಲ್ಕು ದಿನದ ಕೂಲಿಗೆ ಬಂದಿದ್ದ ವಿದ್ಯಾರ್ಥಿಗಳು. ಆ ಸುದ್ದಿ ಓದಿದ ದಿನ ನಾನು ಊರಿಗೆ ಫೋನು ಮಾಡಿದೆ.

ನಮ್ಮ ಕಾಡಂಚಿನಲ್ಲಿ ಈಗ ಸೌರ ಬೇಲಿ, ಕಂದಕ, ರೈಲು ಕಂಬಿಯ ತಡೆಗೋಡೆ ಬಂದಿವೆ. ಆದರೂ ಪಟಾಕಿ ನಿಂತಿಲ್ಲ. ಆನೆಗಳು ಸದ್ದಿಗೆ ಒಗ್ಗಿಹೋಗುತ್ತಿವೆ ಎಂದು ಊರಿನವರು ಹೇಳುತ್ತಾರೆ. ಅದರಲ್ಲಿ ಆಶ್ಚರ್ಯವೇನಿಲ್ಲ. ದಸರೆಗೆ ಮೊದಲು ಮೈಸೂರಿನಲ್ಲಿ ಜಂಬೂಸವಾರಿಯ ಆನೆಗಳಿಗೆ ಕುಶಾಲತೋಪು ಹಾರಿಸಿ ಸದ್ದಿನ ತಾಲೀಮು ಕೊಡುತ್ತಾರೆ. ಬಂಡೀಪುರದ ರಾಂಪುರ ಶಿಬಿರದಿಂದ ಹೋಗುವ ಆನೆಗಳೂ ಅದಕ್ಕೆ ಒಗ್ಗಿಕೊಳ್ಳುತ್ತವೆ. ಹಾಗಿದ್ದ ಮೇಲೆ ಕಾಡಿನ ಆನೆ ಎಷ್ಟು ದಿನ ಹೆದರೀತು? ಕೊನೆಗೆ ಪಟಾಕಿಗೆ ಹೆದರಬೇಕಾದವನು ಅದನ್ನು ಕೈಯಲ್ಲಿ ಹಿಡಿದವನೇ. ಬೆಳೆಯನ್ನೂ ಆನೆಯನ್ನೂ ಕಾವಲುಗಾರನ ಬೆರಳನ್ನೂ ಉಳಿಸುವ ಒಂದು ಉಪಾಯವನ್ನು ಇನ್ನೂ ಯಾರಾದರೂ ಕಂಡುಹಿಡಿಯಬೇಕಾಗಿದೆ. ಅದು ಬೆಂಗಳೂರಿನಲ್ಲಿ ಕುಳಿತವರಿಗಿಂತ ಇದೇ ಶಾಲೆಯ ಬೆಂಚಿನ ಮೇಲೆ ಕುಳಿತ, ರಾತ್ರಿ ಅಟ್ಟಣೆಗೆ ಹೋಗುವ ಹುಡುಗನಿಗೋ ಹುಡುಗಿಗೋ ಹೊಳೆಯುವ ಸಾಧ್ಯತೆ ಹೆಚ್ಚು.

ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಪಟಾಕಿಯನ್ನು ಕೈಯಲ್ಲಿ ಹಿಡಿದು ಹಚ್ಚಬೇಡಿ. ಮನೆಯ ಹಿರಿಯರಿಗೆ ಹಚ್ಚಲು ಬಿಡಬೇಡಿ. ನಿಮ್ಮ ತಂದೆ, ಅಜ್ಜ, ಊರಿನ ಕಮ್ಮಾರ, ಬಡಗಿ ಇವರ ಕೈಯಲ್ಲಿರುವ ವಿದ್ಯೆ ಏನೆಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅವರ ಹೆಸರಿನ ಸಮೇತ. ನಮ್ಮ ನಾಡಿನ ಬಿರುಸು ಅರ್ಧ ಪ್ರಪಂಚ ಸುತ್ತಿ ಬಂದರೂ ಅದನ್ನು ಮಾಡಿದವರ ಹೆಸರು ನಮ್ಮಲ್ಲಿ ಉಳಿಯಲಿಲ್ಲ. ಇನ್ನು ಮುಂದೆ ಹಾಗಾಗುವುದು ಬೇಡ.

ನನ್ನನ್ನು ಸಂಜೆ ಸ್ಟಾಫ್ ರೂಮಿಗೆ ಕರೆದ ಮೇಷ್ಟ್ರಿಗೆ, ಬಲೂನು ಹಾರಿದ ಆ ತರಗತಿಗೆ, ಐವತ್ತು ತುಂಬಿದ ನನ್ನ ಶಾಲೆಗೆ ನಮಸ್ಕಾರ.